ಹಳೇಬೀಡಿನ ಪೆಟ್ಟಿಗೆಯ ತೂಕದ ಕುರಿತು

ಸರಕು ತುಂಬಿದ ಕಂಟೇನರುಗಳ ತೂಕವನ್ನು ಲೆಕ್ಕ ಹಾಕಿ ಘೋಷಿಸುವ ಕೆಲಸಕ್ಕೆ ಹೊಸದಾಗಿ ಸೇರಿರುವ ಮತ್ತು ಮುಂದೆ ಸೇರಲಿರುವ ಯುವಕ ಯುವತಿಯರ ಅವಗಾಹನೆಗೆ ಈ ಕೆಳಗಿನ ಸಂಗತಿಗಳನ್ನು ತರಬಯಸುತ್ತೇನೆ. ನಾನು ಈ ಮೊದಲು ಏನನ್ನೂ ಬರೆದವನಲ್ಲ. ಸೇವೆಯ ಉದ್ದಕ್ಕೂ ಬರೆದದ್ದೆಲ್ಲ ರವಾನೆ ಪತ್ರ, ಜ್ಞಾಪನ ಮತ್ತು ಸಮಜಾಯಿಷಿ. ಆದ ಕಾರಣ ಈ ಬರಹವೂ ಅದೇ ಧಾಟಿಯಲ್ಲಿ ಸಾಗಿದರೆ ಓದುಗರು ಮನ್ನಿಸಬೇಕು. ಬೇರೆ ಧಾಟಿ ನನಗೆ ಬಾರದು. ಈ ವಯಸ್ಸಿನಲ್ಲಿ ಅದನ್ನು ಕಲಿಯಹೋದರೆ ಹೇಳಬೇಕಾದದ್ದೇ ಉಳಿದುಹೋದೀತೆಂಬ ಭಯವೂ ಇದೆ.

ನನ್ನ ಸೋದರಳಿಯನ ಮಗಳು ಈಗ ಒಂದು ಬಂದರಿನಲ್ಲಿ ಇದೇ ಕೆಲಸದಲ್ಲಿದ್ದಾಳೆ. ಕಂಟೇನರಿನ ತೂಕ ತಿಳಿಯಲು ಎರಡು ದಾರಿಗಳಿವೆಯೆಂದು ಕಳೆದ ಬಾರಿ ಬಂದಾಗ ವಿವರಿಸಿದಳು. ತುಂಬಿದ ಕಂಟೇನರನ್ನು ಹಾಗೆಯೇ ತೂಗುವುದು ಒಂದು ದಾರಿ. ಒಳಗೆ ಹೋಗುವ ಸರಕು, ಅದನ್ನು ಕಟ್ಟಿದ ಹಗ್ಗ, ಮರ, ಹುಲ್ಲು ಎಲ್ಲವನ್ನೂ ಬೇರೆ ಬೇರೆ ತೂಗಿ, ಖಾಲಿ ಕಂಟೇನರಿನ ತೂಕವನ್ನು ಕೂಡಿಸುವುದು ಮತ್ತೊಂದು ದಾರಿ. ಎರಡನೆಯದನ್ನು ಕೇಳಿದಾಗ ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲಿಯೇ ನಿಂತಿತು. ನಮ್ಮ ಕಾಲದಲ್ಲಿ ಕಂಟೇನರ್ ಎಂಬ ಹೆಸರೇ ಇರಲಿಲ್ಲ, ಆದರೆ ನಮಗಿದ್ದುದು ಆ ಎರಡನೆಯ ದಾರಿಯೊಂದೇ. ಅದರಲ್ಲಿ ನಾನು ಒಮ್ಮೆ ತಪ್ಪಿದ್ದೇನೆ. ತಪ್ಪಿದ ಮೇಲೆ ಮಾಡಿದ್ದು ಆ ತಪ್ಪಿಗಿಂತ ದೊಡ್ಡದು. ಅದನ್ನು ದಾಖಲೆಗೆ ತರುವುದೇ ಈ ಬರಹದ ಉದ್ದೇಶ.

ನಾನು ಬೇಲೂರಿನವನು. ತಂದೆಯವರು ದೇವಸ್ಥಾನದ ಪಾಕಶಾಲೆಯಲ್ಲಿದ್ದರು. ಎಸ್.ಎಸ್.ಎಲ್.ಸಿ. ಮುಗಿಸಿದ ತರುವಾಯ, ಐವತ್ತರ ದಶಕದ ನಡುವಿನಲ್ಲಿ, ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ರವಾನೆ ಗುಮಾಸ್ತನಾಗಿ ಸೇರಿದೆ. ಮಂಡಿಯ ಹೆಸರು ಇಲ್ಲಿ ಅನಗತ್ಯ. ಅದರ ಒಡೆಯರನ್ನು ಯಜಮಾನರು ಎಂದಷ್ಟೇ ಕರೆಯುತ್ತೇನೆ. ಅಕ್ಷರ ದುಂಡಗಿದೆ, ಗುಣಾಕಾರ ಬಾಯಲ್ಲೇ ಬರುತ್ತದೆ ಎಂಬ ಕಾರಣಕ್ಕೆ ಅವರು ನನ್ನನ್ನು ತೆಗೆದುಕೊಂಡರು. ಕೊಬ್ಬರಿ ಮೂಟೆಗಳನ್ನು ರೈಲಿನ ವ್ಯಾಗನ್ನಿಗೆ ತುಂಬಿಸಿ, ಅದರ ಒಟ್ಟು ತೂಕವನ್ನು ರವಾನೆ ಪತ್ರದಲ್ಲಿ ಬರೆದು, ‘ಇದು ಸತ್ಯವೆಂದು ಘೋಷಿಸುತ್ತೇನೆ’ ಎಂಬ ಸಾಲಿನ ಕೆಳಗೆ ಸಹಿ ಹಾಕುವುದು ನನ್ನ ಕೆಲಸ. ತುಂಬಿದ ವ್ಯಾಗನ್ನನ್ನು ಇಡಿಯಾಗಿ ತೂಗುವ ಕಾಟಾ ನಮ್ಮ ಕೈಗೆಟುಕುವಂತಿರಲಿಲ್ಲ. ಇದ್ದುದು ಮೂಟೆ ತೂಗುವ ಕಾಟಾ ಮಾತ್ರ. ಹತ್ತು ಮೂಟೆಗಳನ್ನು ತೂಗಿ, ಸರಾಸರಿ ತೆಗೆದು, ಒಟ್ಟು ಮೂಟೆಗಳಿಂದ ಗುಣಿಸುವುದು ರೂಢಿಯ ಕ್ರಮವಾಗಿತ್ತು. ಕಡಿಮೆ ಬರೆದರೆ ವ್ಯಾಗನ್ನಿನ ಅಚ್ಚು ಅದನ್ನು ನಂಬಿ ಹೊರಲಾರದ ಭಾರವನ್ನು ಹೊರುತ್ತದೆ. ಅಚ್ಚಿಗೆ ಓದು ಬರಹ ಬಾರದು, ಅದಕ್ಕೆ ಗೊತ್ತಾಗುವುದು ನಿಜವಾದ ತೂಕ ಮಾತ್ರ ಎಂದು ಯಜಮಾನರು ಹೇಳುತ್ತಿದ್ದರು.

ಅದೇ ಮಂಡಿಯಲ್ಲಿ ಕಣಕಟ್ಟೆಯ ಕರಿಬಸಪ್ಪ ಎಂಬುವರಿದ್ದರು. ನನಗಿಂತ ಸುಮಾರು ಹತ್ತು ವರ್ಷ ಹಿರಿಯರು. ಮೊದಲು ಹಮಾಲಿ ಕೆಲಸ ಮಾಡಿ, ನಾನು ಸೇರುವ ವೇಳೆಗೆ ಮೂಟೆಗಳ ಉಸ್ತುವಾರಿಗೆ ಬಂದಿದ್ದರು. ಓದು ಬಾರದು, ಸಹಿ ಹೆಬ್ಬೆಟ್ಟು. ಆಗ ನಾನು ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ಮಂಡಿಯಲ್ಲಿ ಅದು ಸಹಜವಾಗಿತ್ತು. ಮಾತುಕತೆಗಳನ್ನು ನಡೆದಂತೆಯೇ ಬರೆಯುತ್ತೇನೆ.

ಸೇರಿದ ಮೊದಲ ವಾರವೇ ನಡೆದ ಪ್ರಸಂಗವಿದು. ಬಾಗಿಲಿಗೆ ಹತ್ತಿರವಿದ್ದ ಹತ್ತು ಮೂಟೆಗಳನ್ನು ತೂಗಿಸಿ, ಗುಣಿಸಿ, ಒಟ್ಟು ಬರೆದು, ಶಾಯಿ ಆರಲೆಂದು ಊದುತ್ತಿದ್ದೆ. ಕರಿಬಸಪ್ಪನವರು ಬಂದು ಒಳಗಿನ ಸಾಲಿನ ಒಂದು ಮೂಟೆಯ ಮೇಲೆ ಅಂಗೈ ಇಟ್ಟು, ಅದನ್ನು ಸ್ವಲ್ಪವೇ ತಳ್ಳಿ ನೋಡಿದರು.

“ಸ್ವಾಮಿ, ನೀವ್ ತೂಗ್ಸಿದ್ದು ಬಾಗ್ಲು ಕಡೇವು. ಬಿಸ್ಲು ತಿಂದವೆ. ಒಳಗಿನ ಸಾಲು ಇಷ್ಟ್ ಹಗುರ ಇಲ್ಲ.”

“ನಿನಗೆ ಹೇಗೆ ಗೊತ್ತು?”

“ನಂಗ್ ಗೊತ್ತಿಲ್ಲ ಸ್ವಾಮಿ. ಬೆನ್ನಿಗ್ ಗೊತ್ತು.”

ಯಜಮಾನರು ಗಾದಿಯಿಂದಲೇ ಇದನ್ನು ಕೇಳಿಸಿಕೊಂಡು, ಒಳಗಿನ ಸಾಲಿನಿಂದ ನಾಲ್ಕು ಮೂಟೆ ತೆಗೆಸಿ ತೂಗಿಸಿದರು. ಪ್ರತಿಯೊಂದೂ ನನ್ನ ಸರಾಸರಿಗಿಂತ ಮೂರು ನಾಲ್ಕು ಸೇರು ಹೆಚ್ಚಿತ್ತು. ಯಜಮಾನರು ತೊಡೆ ತಟ್ಟಿಕೊಂಡು ನಕ್ಕರು.

“ಏನ್ರೀ ಮೂರ್ತಿ, ಲೆಕ್ಕ ನಿಮ್ದು, ತೂಕ ಅವನ್ದು ಆಯ್ತಲ್ಲ!”

ಹೊಸದಾಗಿ ಸೇರುವವರು ಈ ಪ್ರಸಂಗದಿಂದ ತಿಳಿಯಬೇಕಾದುದೇನೆಂದರೆ, ಮಾದರಿ ತೂಗುವಾಗ ಬಾಗಿಲಿನಿಂದ, ನಡುವಿನಿಂದ, ತಳದಿಂದ, ಈ ಮೂರೂ ಕಡೆಯಿಂದ ತೆಗೆಯತಕ್ಕದ್ದು. ನಾನು ಅಂದಿನಿಂದ ಹಾಗೆಯೇ ಮಾಡಿದೆ. ಆದರೆ ಅಂದು ನನಗೆ ದಕ್ಕಿದ್ದು ಆ ಪಾಠವಲ್ಲ, ಯಜಮಾನರ ಆ ನಗು.

ಅಸೂಯೆ ಎಂಬ ಶಬ್ದವನ್ನು ನಾನು ಯಾವ ಪತ್ರದಲ್ಲಿಯೂ ಬಳಸಿದವನಲ್ಲ. ಇಲ್ಲಿ ಬಳಸದೆ ಗತ್ಯಂತರವಿಲ್ಲ. ಗಂಡಸಿಯ ಸಂತೆಗೆ ಹೋದರೆ ಟಗರು ಕೊಳ್ಳುವವರು ತೂಕ ಹೇಳಿಸಲು ಕರಿಬಸಪ್ಪನವರನ್ನು ಕೈಹಿಡಿದು ಕರೆದೊಯ್ಯುತ್ತಿದ್ದರು. ಪಕ್ಕದ ಮಂಡಿಯವರು ತಮ್ಮ ಕಾಟಾ ಸರಿಯಿದೆಯೋ ಇಲ್ಲವೋ ನೋಡಲು ಅವರನ್ನು ಎರವಲು ಕೇಳುತ್ತಿದ್ದರು. ಕಾಟಾವನ್ನು ಪರೀಕ್ಷಿಸಲು ಮನುಷ್ಯನನ್ನು ಕರೆಯುವುದೇ! ತೋಟದವರು ಗಾಡಿ ಇಳಿದೊಡನೆ ನನ್ನ ಮೇಜನ್ನು ದಾಟಿಕೊಂಡು ಹೋಗಿ ಅವರನ್ನು ಮಾತನಾಡಿಸುತ್ತಿದ್ದರು. ಇವೆಲ್ಲವನ್ನೂ ನಾನು ಮನಸ್ಸಿನಲ್ಲಿ ದಿನಾಂಕಸಹಿತ ನಮೂದಿಸಿಕೊಳ್ಳುತ್ತಿದ್ದೆ.

ನಾನೂ ಕಲಿಯಲೆತ್ನಿಸಿದೆ. ಎಲ್ಲರೂ ಊಟಕ್ಕೆ ಹೋದಾಗ ಮೂಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ತೂಕವನ್ನು ಊಹಿಸಿ, ಬಳಿಕ ಅದನ್ನು ಕಾಟಾದ ಮೇಲೆ ಉರುಳಿಸಿ ನೋಡುತ್ತಿದ್ದೆ. ಮೂರು ತಿಂಗಳಾದರೂ ಐದಾರು ಸೇರಿನ ಒಳಗೆ ಬರಲಾಗಲಿಲ್ಲ. ಒಂದು ದಿನ ಕಣ್ಣು ತೆರೆದಾಗ ಕರಿಬಸಪ್ಪನವರು ಬಾಗಿಲಲ್ಲಿ ನಿಂತಿದ್ದರು.

“ಕಣ್ ಮುಚ್ಬ್ಯಾಡಿ ಸ್ವಾಮಿ, ಮೂಟೆಗ್ ಪೂಜೆ ಮಾಡ್ದಂಗ್ ಕಾಣ್ತದೆ. ಕೈ ಬುಟ್ಬುಡಿ. ಪಾದ ನೋಡ್ಕಳಿ. ತೂಕ ಬರದು ಪಾದಕ್ಕೆ.”

ಅವರು ಅಪಹಾಸ್ಯ ಮಾಡಲಿಲ್ಲ. ನನ್ನ ಪಕ್ಕದಲ್ಲಿ ನಿಂತು ಹಿಮ್ಮಡಿ ಹೇಗೆ ಊರಬೇಕೆಂದು ತೋರಿಸಿಕೊಟ್ಟರು. ಅವರು ಅಪಹಾಸ್ಯ ಮಾಡಿದ್ದರೆ ನಾನು ಅದನ್ನು ಸಹಿಸುತ್ತಿದ್ದೆ. ಹೇಳಿಕೊಟ್ಟದ್ದನ್ನು ಸಹಿಸಲಾಗಲಿಲ್ಲ.

ಹಳೇಬೀಡಿನ ಕಡೆಯಿಂದ ಬೊಂಬಾಯಿಗೆ ಕಳಿಸಲು ಆಲೂಗಡ್ಡೆ ಬರುತ್ತಿದ್ದ ತಿಂಗಳುಗಳಲ್ಲಿಯೂ ಇದೇ ಕಥೆ. ಮಳೆ ಬಿದ್ದ ಮೇಲೆ ಕಿತ್ತ ಗಡ್ಡೆಗೆ ಮಣ್ಣು ಮೆತ್ತಿರುತ್ತದೆ. ಬಿಸಿಲಿನ ದಿನ ಕಿತ್ತ ಗಡ್ಡೆಯ ಸರಾಸರಿಯನ್ನು ನಾನು ಮಳೆಯ ಗಡ್ಡೆಗೂ ಹಾಕಿದೆ. ಕರಿಬಸಪ್ಪನವರು ಚೀಲವನ್ನು ಕಾಲಿನಿಂದ ಒತ್ತಿ, “ಸ್ವಾಮಿ, ಮಣ್ಣೂ ಬೊಂಬಾಯಿ ನೋಡಾಕ್ ಹೊಂಟೈತೆ, ಅದ್ನೂ ಬರ್ಕಳಿ” ಎಂದರು. ಹಮಾಲಿಗಳು ಒಂದು ವಾರ ಅದೇ ಮಾತನ್ನು ಆಡಿಕೊಂಡು ನಕ್ಕರು.

ಮಣ, ಸೇರುಗಳು ಹೋಗಿ ಕಿಲೋಗ್ರಾಂ ಬಂದಾಗ ಊರಿಗೆಲ್ಲ ಗೊಂದಲವಾಯಿತು. ನನಗೊಬ್ಬನಿಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಸೇರಿನಲ್ಲಿ ಪಳಗಿದ ಬೆನ್ನು ಕಿಲೋವನ್ನು ಹೇಗೆ ತಿಳಿದೀತು? ನಾನು ದೊಡ್ಡ ಹಾಳೆಯ ಮೇಲೆ ಸೇರಿನಿಂದ ಕಿಲೋಗೆ ಪರಿವರ್ತನೆಯ ಕೋಷ್ಟಕವನ್ನು ಕೆಂಪು ಕಪ್ಪು ಶಾಯಿಗಳಲ್ಲಿ ಬರೆದು, ಗಾದಿಯ ಹಿಂದಿನ ಗೋಡೆಗೆ ಅಂಟಿಸಿದೆ. ಇನ್ನು ಮುಂದೆ ಎಲ್ಲರೂ ನನ್ನನ್ನೇ ಕೇಳಬೇಕಾಗುತ್ತದೆಂದು ಎಣಿಸಿದ್ದೆ.

ಕರಿಬಸಪ್ಪನವರು ಕಬ್ಬಿಣದ ಹೊಸ ತೂಕದ ಬಟ್ಟುಗಳನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ ತೆಗೆದುಕೊಂಡರು. ಗೋಣಿಯ ಮೇಲೆ ಕುಳಿತು ಒಂದು, ಎರಡು, ಐದು, ಹತ್ತು ಕಿಲೋ ಬಟ್ಟುಗಳನ್ನು ಎತ್ತಿ, ಇಳಿಸಿ, ಈ ಕೈಯಿಂದ ಆ ಕೈಗೆ ದಾಟಿಸಿದರು. “ಇದು ನಮ್ಮ ಕೋಳಿ. ಇದು ಈಗ್ ಹುಟ್ಟಿದ್ ಕರುವಿನ ಒಂದ್ ಕಾಲು” ಎಂದೇನೋ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ನಾಲ್ಕನೆಯ ದಿನಕ್ಕೆ ಅವರು ಕಿಲೋದಲ್ಲಿ ಹೇಳಲಾರಂಭಿಸಿದರು. ಯಜಮಾನರಿಗೆ ಕಿಲೋ ಕೊನೆಯವರೆಗೂ ಹತ್ತಲಿಲ್ಲ. ನನ್ನ ಕೋಷ್ಟಕಕ್ಕೆ ಬೆನ್ನು ಕೊಟ್ಟು ಕುಳಿತು, “ಏನ್ಲಾ ಕರಿಬಸ, ಎಂಟು ಮಣ ಅಂದ್ರೆ ಈಗ ಎಷ್ಟ್ಲಾ?” ಎಂದು ಅವರನ್ನೇ ಕೇಳುತ್ತಿದ್ದರು.

ಇಷ್ಟನ್ನು ಹೇಳಿದ್ದು ಮುಂದಿನ ಪ್ರಕರಣ ಅರ್ಥವಾಗಲೆಂದು.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಹಳೇಬೀಡಿನ ಶಿಲ್ಪಿ ಸಿದ್ಧಾಚಾರ್ ಎಂಬುವರು ನಮ್ಮ ಮಂಡಿಗೆ ಬಂದರು. ಮದ್ದಳೆ ಬಾರಿಸುವ ಹೆಂಗಸಿನ ವಿಗ್ರಹವೊಂದನ್ನು ಅವರು ಬಳಪದ ಕಲ್ಲಿನಲ್ಲಿ ಬಿಡಿಸಿದ್ದರು. ಹದಿನಾಲ್ಕು ತಿಂಗಳ ಕೆಲಸ. ಅದು ಹಡಗಿನಲ್ಲಿ ಹೊರದೇಶದ ಪ್ರದರ್ಶನಕ್ಕೆ ಹೋಗಬೇಕಾಗಿತ್ತು. ಯಜಮಾನರಿಗೆ ಬಂದರಿನ ಒಬ್ಬ ಏಜೆಂಟರ ಪರಿಚಯವಿದ್ದುದರಿಂದ ರವಾನೆಯ ಹೊಣೆ ನಮ್ಮ ಮೇಲೆ ಬಂತು. ಏಜೆಂಟರು ಬರೆದ ಪತ್ರದ ಸಾರಾಂಶ ಹೀಗಿತ್ತು: ಒಂಟಿ ಪೆಟ್ಟಿಗೆಯ ತೂಕ ಒಂದು ಟನ್ನು, ಅಂದರೆ ಸಾವಿರ ಕಿಲೋ, ಮೀರಿದರೆ ಅದನ್ನು ಪೆಟ್ಟಿಗೆಯ ಮೇಲೆ ಬಣ್ಣದಲ್ಲಿ ಬರೆಯತಕ್ಕದ್ದು; ಅದನ್ನು ದೊಡ್ಡ ಕ್ರೇನಿನಿಂದ ಎತ್ತಲಾಗುವುದು. ಮೀರದಿದ್ದರೆ ಚಿಕ್ಕ ಕ್ರೇನು ಸಾಕು. ಆದರೆ ಸಾವಿರದ ಮೇಲೆ ಚಿಕ್ಕ ಕ್ರೇನಿನ ಹಗ್ಗವನ್ನು ನಂಬುವಂತಿಲ್ಲ, ಕೆಳಗೆ ಆಳುಗಳು ನಿಂತಿರುತ್ತಾರೆ, ಆದ್ದರಿಂದ ತೂಕವನ್ನು ಜಾಗರೂಕತೆಯಿಂದ ಘೋಷಿಸಬೇಕು.

ಯಜಮಾನರು ಪತ್ರವನ್ನು ನನ್ನ ಕೈಗೆ ಕೊಟ್ಟು, “ಈ ಸಲ ಪೂರ್ತಿ ನೀವೇ ನೋಡ್ಕೊಳ್ರೀ ಮೂರ್ತಿ. ಕಲ್ಲಿನ ಲೆಕ್ಕ ಓದಿದವರಿಗೇ ಸರಿ. ಅವನ ಬೆನ್ನಿಗೆ ಹೊಂದೋದಲ್ಲ” ಎಂದರು. ಇಷ್ಟು ವರ್ಷಗಳಲ್ಲಿ ನಾನು ಕೇಳಬಯಸಿದ್ದ ಮಾತು ಅದೊಂದೇ ಆಗಿತ್ತು.

ನಾನು ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಸಿದ್ಧಾಚಾರ್ಯರ ಅಂಗಳದಲ್ಲಿ ಅದೇ ಕಲ್ಲಿನ ಒಂದು ಚೂರನ್ನು ತೂಗಿ, ಅಳತೆಯ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಏರಿದ ನೀರನ್ನು ಅಳೆದು, ಒಂದು ಘನ ಅಡಿ ಕಲ್ಲಿಗೆ ಎಷ್ಟು ತೂಕವೆಂದು ಕಂಡುಕೊಂಡೆ. ವಿಗ್ರಹವನ್ನು ತಲೆ, ಮುಂಡ, ಮದ್ದಳೆ, ಪೀಠ ಎಂದು ಭಾಗ ಮಾಡಿ ಟೇಪಿನಿಂದ ಅಳೆದೆ. ಕಲ್ಲು ಏಳುನೂರ ಎಪ್ಪತ್ತು ಕಿಲೋ ಬಂತು. ಪೆಟ್ಟಿಗೆಯ ಹಲಗೆಗಳನ್ನು ಜೋಡಿಸುವ ಮುನ್ನ ಒಂದೊಂದಾಗಿ ತೂಗಿದೆ: ನೂರ ಇಪ್ಪತ್ತು. ಕಬ್ಬಿಣದ ಪಟ್ಟಿ ಮತ್ತು ಮೊಳೆ: ಹದಿನೈದು. ವಿಗ್ರಹ ಅಲುಗಾಡದಂತೆ ಸುತ್ತ ತುಂಬಲು, ತೆಂಗಿನ ನಾರು ಬಡಿದಾಗ ಉದುರುವ ಪುಡಿಯನ್ನು ಆಚಾರ್ಯರು ಅರಸೀಕೆರೆಯಿಂದಲೇ ತರಿಸಿದ್ದರು. ನಮ್ಮ ಕಡೆ ರಸ್ತೆಯ ಬದಿಯಲ್ಲಿ ಗುಡ್ಡೆ ಬಿದ್ದಿರುತ್ತಿದ್ದ, ಗಾಳಿಗೆ ಹಾರಿಹೋಗುವ ಆ ಪುಡಿಗೆ ತೂಕವುಂಟೆಂದು ಯಾರೂ ಭಾವಿಸಿರಲಿಲ್ಲ. ನಾನು ಅದನ್ನೂ ಬಿಡದೆ ತೂಗಿದೆ: ಅರವತ್ತು. ಒಟ್ಟು ಒಂಬೈನೂರ ಅರವತ್ತೈದು ಕಿಲೋ. ಟನ್ನಿಗೆ ಮೂವತ್ತೈದು ಕಡಿಮೆ. ಮಧ್ಯಾಹ್ನದ ಬಸ್ಸು ತಪ್ಪಬಾರದೆಂದು, ಪುಡಿ ತುಂಬುವುದನ್ನು ನೋಡಲು ನಿಲ್ಲದೆ ಹೊರಟುಬಂದೆ.

ಮಾರನೆಯ ದಿನ ಮಧ್ಯಾಹ್ನ ಪೆಟ್ಟಿಗೆ ಲಾರಿಯಲ್ಲಿ ಅರಸೀಕೆರೆಗೆ ಬಂತು. ಇಳಿಸುವುದು ಕರಿಬಸಪ್ಪನವರ ಕೆಲಸ. ಮರದ ಉರುಳೆಗಳ ಮೇಲೆ ಅದನ್ನು ಕೆಳಗಿಳಿಸಿದ ಮೇಲೆ ಅವರು ಒಂದು ಕ್ಷಣ ನಿಂತರು. ಹಾರೆಯನ್ನು ಪೆಟ್ಟಿಗೆಯ ಒಂದು ತುದಿಗೆ ಕೊಟ್ಟು, ಕೆಳಗೊಂದು ಕಲ್ಲಿಟ್ಟು, ಎದೆಯಿಂದ ಮೀಟಿದರು. ಅನಂತರ ಮತ್ತೊಂದು ತುದಿ. ಪುನಃ ಮೊದಲ ತುದಿ. ಬಳಿಕ ನನ್ನ ಮೇಜಿನ ಬಳಿ ಬಂದು, ಯಜಮಾನರಿಗೆ ಕೇಳಿಸದಷ್ಟು ಮೆಲ್ಲಗೆ ಮಾತನಾಡಿದರು.

“ಸ್ವಾಮಿ, ಎಷ್ಟ್ ಬರ್ದಿದೀರ?”

“ಒಂಬೈನೂರ ಅರವತ್ತೈದು.”

“ಬ್ಯಾಡಿ ಸ್ವಾಮಿ. ಸಾವಿರದ ತೊಂಬತ್ತೈತೆ ಅದು.”

“ಕರಿಬಸಪ್ಪ, ನಾನು ಮೊಳೆಯನ್ನೂ ಬಿಡದೆ ತೂಗಿದ್ದೇನೆ.”

“ನೀವ್ ತೂಗಿರ್ತೀರ, ನಾ ಇಲ್ಲ ಅನ್ನಾಕಿಲ್ಲ. ಆದ್ರೆ ಒಳಗ್ ಇನ್ನೇನೋ ಐತೆ. ಒಂದ್ ಕಿತ ಬಿಚ್ಚಿ ನೋಡುವಾ?”

“ಆಚಾರ್ಯರು ಮೊಳೆ ಹೊಡೆದು ಮುದ್ರೆ ಹಾಕಿದ್ದಾರೆ. ನಿನ್ನ ಹಾರೆಯ ಮಾತಿಗೆ ಅದನ್ನು ಬಿಚ್ಚಲೇ? ಇದು ಟಗರಲ್ಲ.”

ಮಾತು ಜೋರಾಗಿ ಯಜಮಾನರು ಎದ್ದು ಬಂದರು. ವಿಷಯ ಕೇಳಿ ಗಡ್ಡ ತುರಿಸಿಕೊಂಡು, “ಏನ್ರೀ, ಇವನು ಸುಮ್ನೆ ಹೇಳೋನಲ್ಲ” ಎಂದರು. ನಾನು ನಾಲ್ಕು ಅಂಕಿಗಳ ಹಾಳೆಯನ್ನು ಅವರ ಮುಂದೆ ಹಿಡಿದು, ಕಲ್ಲು, ಮರ, ಕಬ್ಬಿಣ, ಪುಡಿ ಎಂದು ಓದಿದೆ. ಇದರಲ್ಲಿ ಯಾವುದು ತಪ್ಪೆಂದು ಕರಿಬಸಪ್ಪ ತೋರಿಸಲಿ, ನಾನು ತಿದ್ದುತ್ತೇನೆ ಎಂದೆ. ಓದು ಬಾರದವರಿಗೆ ಹಾಳೆ ತೋರಿಸಿ ತಪ್ಪು ಹುಡುಕೆಂದು ಕೇಳಿದೆ. ಅವರು ಹಾಳೆಯನ್ನು ನೋಡದೆ ಪೆಟ್ಟಿಗೆಯ ಕಡೆ ನೋಡಿದರು.

“ತೋರ್ಸಾಕ್ ಬರಾಕಿಲ್ಲ ಬುದ್ಧಿ. ಇದೆ ಅಂತ ಗೊತ್ತು, ಅಷ್ಟೆಯ.”

ಯಜಮಾನರು ನಿಟ್ಟುಸಿರು ಬಿಟ್ಟು, “ಸಹಿ ನಿಮ್ದು ಮೂರ್ತಿ, ನೀವ್ ಬರೆದಂಗೇ ಆಗ್ಲಿ” ಎಂದರು. ಸಂಜೆಯೊಳಗೆ ಪೆಟ್ಟಿಗೆ ಮುಚ್ಚಿದ ವ್ಯಾಗನ್ನೇರಿತು. ಒಂಬೈನೂರ ಅರವತ್ತೈದು ಕಿಲೋ ಎಂದು ಘೋಷಿಸಿ ಸಹಿ ಹಾಕಿದೆ. ಪೆಟ್ಟಿಗೆಯ ಮೇಲೆ ತೂಕ ಬರೆಯುವ ಅಗತ್ಯ ಬೀಳಲಿಲ್ಲ. ಅಂದಿನ ನನ್ನ ಸಹಿ ಕಚೇರಿ ಪ್ರತಿಯಲ್ಲಿ ಎಂದಿಗಿಂತ ಉದ್ದವಾಗಿ ಬಿದ್ದಿತ್ತು.

ಎರಡು ದಿನಗಳ ತರುವಾಯ ಸಿದ್ಧಾಚಾರ್ಯರು ರಸೀದಿ ಪಡೆಯಲು ಬಂದರು. ಬೆಂಚಿನ ಮೇಲೆ ಕುಳಿತು, ಎಲೆಗೆ ಸುಣ್ಣ ಸವರುತ್ತ, ಮಗಳನ್ನು ಗಂಡನ ಮನೆಗೆ ಕಳಿಸಿದವರಂತೆ ಮಾತನಾಡುತ್ತಿದ್ದರು.

“ದಾರೀಲಿ ಅಲುಗಾಡೀತು ಅನ್ನೋ ಭಯ ಇಲ್ಲ ಸ್ವಾಮಿ. ಭದ್ರ ಮಾಡಿದೀನಿ.”

“ಪುಡಿ ಸಾಕಾಯಿತೇ ಆಚಾರ್ಯರೇ?”

“ಸಾಕಾಯ್ತು. ಒಣಾ ಪುಡಿ ಹಾಗೇ ತುಂಬಿದ್ರೆ ಗಾಡಿ ಕುಲುಕಿಗೆ ತಳಕ್ಕೆ ಇಳಿದುಬಿಡುತ್ತೆ. ಅದಕ್ಕೇ ಹಾಕ್ತಾ ಹಾಕ್ತಾ ನೀರು ಹೊಡೆದು ದಮ್ಮಸ್ ಮಾಡಿಸಿದೆ. ಹನ್ನೆರಡೋ ಹದಿಮೂರೋ ಕೊಡ ಕುಡೀತು ನೋಡಿ! ಒಂದು ತೊಟ್ಟು ಆಚೆ ಬರಲಿಲ್ಲ. ಇಟ್ಟಿಗೆ ಕೂತ ಹಾಗೆ ಕೂತ್ಕೊಳ್ತು.”

ಕೊಡಕ್ಕೆ ಹತ್ತು ಕಿಲೋ. ಗುಣಿಸಲು ನನಗೆ ಕಾಗದ ಬೇಕಾಗಲಿಲ್ಲ. ಒಂಬೈನೂರ ಅರವತ್ತೈದಕ್ಕೆ ನೂರಿಪ್ಪತ್ತೈದು ಕೂಡಿಸಿದರೆ ಸಾವಿರದ ತೊಂಬತ್ತು. ಕರಿಬಸಪ್ಪನವರು ಹತ್ತು ಹೆಜ್ಜೆ ದೂರದಲ್ಲಿ ಗೋಣಿಯ ಬಾಯಿ ಹೊಲಿಯುತ್ತಿದ್ದರು. ಆಚಾರ್ಯರ ಮಾತು ಅವರಿಗೂ ಕೇಳಿಸಿರಬೇಕು. ಸೂಜಿ ಒಂದು ಸಲ ನಿಂತು ಮತ್ತೆ ನಡೆಯಿತು.

ಪೆಟ್ಟಿಗೆ ದಾರಿಯಲ್ಲಿತ್ತು. ನನ್ನ ಕಾಗದವನ್ನು ನಂಬಿ ಬಂದರಿನವರು ಚಿಕ್ಕ ಕ್ರೇನಿಗೆ ಅದನ್ನು ಸಿಕ್ಕಿಸುತ್ತಾರೆ; ಕೆಳಗೆ ಆಳುಗಳಿರುತ್ತಾರೆ. ನಾನು ಚಪ್ಪಲಿಯನ್ನೂ ಮೆಟ್ಟದೆ ತಂತಿ ಕಚೇರಿಗೆ ಓಡಿದೆ. ತೂಕ ಸಾವಿರ ಕಿಲೋ ಮೀರಿದೆ, ತೂಗದೆ ಎತ್ತಬೇಡಿ, ಪತ್ರ ಹಿಂದೆಯೇ ಬರುತ್ತದೆ ಎಂದು ತಂತಿ ಕಳಿಸಿದೆ. ಹೊಸದಾಗಿ ಸೇರುವವರಿಗೆ ತಿಳಿಸುವುದೇನೆಂದರೆ, ತಪ್ಪು ತೂಕವನ್ನು ತಿದ್ದುವುದರಲ್ಲಿ ಅವಮಾನವಿಲ್ಲ. ತಿದ್ದಲು ಒಂದು ಗಂಟೆ ತಡಮಾಡಿದರೆ ಇದೆ. ಇಷ್ಟರಮಟ್ಟಿಗೆ ನಾನು ಕರ್ತವ್ಯಲೋಪ ಮಾಡಲಿಲ್ಲ.

ಲೋಪವಾದದ್ದು ಅನಂತರ. ಮಂಡಿಗೆ ಹಿಂದಿರುಗಿ ಯಜಮಾನರಿಗೆ ವರದಿ ಒಪ್ಪಿಸುವಾಗ, ಆಚಾರ್ಯರ ಮಾತಿನಿಂದ ನೀರಿನ ವಿಷಯ ನನ್ನ ಗಮನಕ್ಕೆ ಬಂತು, ಕೂಡಲೇ ಲೆಕ್ಕ ಹಾಕಿ ತಂತಿ ಕೊಟ್ಟೆ ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಿಟ್ಟದ್ದು ಒಂದು ಹೆಸರು ಮಾತ್ರ.

“ಅಬ್ಬ! ಓದಿದವರು ಓದಿದವರೇ ಕಣ್ರೀ. ಒಂದು ಮಾತಿನಿಂದ ಹಿಡಿದುಬಿಟ್ರಲ್ಲ!” ಎಂದು ಯಜಮಾನರು ಎದ್ದು ನನ್ನ ಭುಜ ತಟ್ಟಿದರು. ಕರಿಬಸಪ್ಪನವರು ತಡೆದದ್ದು ಆ ಸಂತೋಷದಲ್ಲಿ ಅವರಿಗೆ ಮರೆತೇಹೋಗಿತ್ತು, ಸಾವಿರದ ತೊಂಬತ್ತು ಎಂಬ ಅಂಕಿಯೂ ನೆನಪಿರಲಿಲ್ಲ. ಕಿಲೋದಲ್ಲಿ ಹೇಳಿದ್ದು ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಕರಿಬಸಪ್ಪನವರು ದಾರ ಕಡಿದು ತಲೆಯೆತ್ತಿ, “ಒಳ್ಳೇದಾತು ಬುಡಿ ಸ್ವಾಮಿ, ಅಲ್ಲಿ ಯಾರ್ದೋ ತಲೆ ಉಳೀತು” ಎಂದರು. ಅಷ್ಟೇ. ಅವರಿಗೆ ಬೇಕಾಗಿದ್ದುದು ಬೇರೆ. ಮರುದಿನದಿಂದ ಟಪಾಲಿನವನು ಬಂದುಹೋದ ಮೇಲೆಲ್ಲ ನನ್ನ ಮೇಜಿನ ಬಳಿ ಬಂದು ನಿಲ್ಲತೊಡಗಿದರು.

“ಬಂದ್ರಿಂದ ಕಾಗ್ದ ಬಂತಾ ಸ್ವಾಮಿ? ಅಲ್ಲಿ ದೊಡ್ಡ ಕಾಟಾ ಐತಂತಲ್ಲ, ಏಟ್ ತೋರಿಸ್ತಂತೆ?”

ಅವರು ಆಯುಷ್ಯವೆಲ್ಲ ಭಾರವನ್ನು ಅಳೆದವರು. ಅಷ್ಟು ದೊಡ್ಡ ಭಾರವನ್ನು ಅವರು ಅದೊಂದು ಸಲ ಮಾತ್ರ ಹೇಳಿದ್ದರು. ಅದು ಸರಿಯೋ ತಪ್ಪೋ ಎಂಬುದು ತಿಳಿಯಬೇಕಾಗಿತ್ತು, ಮತ್ತೇನೂ ಇಲ್ಲ.

ಮೂರನೆಯ ವಾರ ಪತ್ರ ಬಂತು. ಪೆಟ್ಟಿಗೆ ಹನ್ನೊಂದನೆಯ ದಿನ ತಲುಪಿತೆಂದೂ, ತಂತಿಯ ಮೇರೆಗೆ ಅಂದೇ ತೂಗಲಾಯಿತೆಂದೂ, ತೂಕ ಸಾವಿರದ ಎಂಬತ್ತೆರಡು ಕಿಲೋ ಬಂತೆಂದೂ, ದೊಡ್ಡ ಕ್ರೇನಿನಿಂದ ಸುರಕ್ಷಿತವಾಗಿ ಹಡಗೇರಿತೆಂದೂ ಬರೆದಿತ್ತು. ಹಾಗಾದರೆ ನಾನು ನೂರ ಹದಿನೇಳು ಕಿಲೋ ತಪ್ಪಿದ್ದೆ. ಕರಿಬಸಪ್ಪನವರು ಒಂದು ಹಾರೆಯಿಂದ ಎಂಟು ಕಿಲೋ ತಪ್ಪಿದ್ದರು.

ಯಜಮಾನರಿಗೆ ‘ಸುರಕ್ಷಿತವಾಗಿ ಹಡಗೇರಿತು’ ಎಂಬ ಸಾಲನ್ನು ಓದಿ ಹೇಳಿದೆ. ಮಧ್ಯಾಹ್ನ ಕರಿಬಸಪ್ಪನವರು ಬಂದು ಕೇಳಿದರು.

“ಕಾಗದ ಬಂತು. ಅಲ್ಲಿ ತೂಗಲಿಲ್ಲವಂತೆ. ದೊಡ್ಡ ಕ್ರೇನಿನಿಂದ ಹಾಗೆಯೇ ಎತ್ತಿದರಂತೆ” ಎಂದೆ.

“ತೂಗ್ಲೇ ಇಲ್ವಾ?”

“ಇಲ್ಲ.”

“ಕಾಟಾ ಮಡಿಕ್ಕಂಡು ತೂಗ್ಲಿಲ್ಲ ಅಂದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿ, ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡು ಹೋದರು. ಮತ್ತೆ ಕೇಳಲಿಲ್ಲ. ನಾನು ಪತ್ರವನ್ನು ಕಡತಕ್ಕೆ ಸೇರಿಸದೆ ಮನೆಗೆ ಒಯ್ದು ಟ್ರಂಕಿನಲ್ಲಿಟ್ಟೆ.

ಆ ಬಳಿಕ ಹಲವು ತಿಂಗಳು ಯಜಮಾನರು ಬಂದವರಿಗೆಲ್ಲ ನನ್ನ ತಂತಿಯ ಕಥೆಯನ್ನು ಹೇಳುತ್ತಿದ್ದರು. ನನಗೆ ಬೇಕಾದುದೆಲ್ಲ ಸಿಕ್ಕಿತ್ತು. ಆದರೂ ಹಾರೆ ಹಿಡಿದ ಕರಿಬಸಪ್ಪನವರನ್ನು ಕಂಡಾಗಲೆಲ್ಲ ಹೊಟ್ಟೆಯಲ್ಲಿ ಮೊದಲಿನಂತೆಯೇ ಉರಿಯುತ್ತಿತ್ತು. ಆಗ ನಾನು ಆ ಎಂಟು ಕಿಲೋವನ್ನು ನೆನೆಯುತ್ತಿದ್ದೆ. ಅವರೂ ತಪ್ಪಿದ್ದರು. ಆ ಬೆನ್ನು, ಆ ಪಾದ, ಆ ಹಾರೆ ಎಲ್ಲ ಸೇರಿಯೂ ಎಂಟು ಕಿಲೋ ತಪ್ಪಿದ್ದವು. ಅದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ನಾಲ್ಕು ವರ್ಷ ನಾನು ಆ ಎಂಟು ಕಿಲೋದ ಮೇಲೆ ಬದುಕಿದೆ ಎಂದರೆ ಉತ್ಪ್ರೇಕ್ಷೆಯಾಗದು.

ನಾಲ್ಕನೆಯ ವರ್ಷ ಅವರ ಬೆನ್ನು ಸೋತಿತು. ಕೆಲಸ ಬಿಟ್ಟು ಕಣಕಟ್ಟೆಗೆ ಹೋದರು. ಅವರ ಜಾಗಕ್ಕೆ ಬಂದವನು ತೂಕವನ್ನು ನನ್ನನ್ನೇ ಕೇಳುತ್ತಿದ್ದ. ತೋಟದವರೂ ನನ್ನ ಮೇಜಿನ ಬಳಿ ನಿಲ್ಲತೊಡಗಿದರು. ಒಂದು ದಿನ ಒಬ್ಬ ಮುದುಕರು ಮೂಟೆ ಇಳಿಸಿ, “ಕರಿಬಸಣ್ಣ ಇಲ್ವಾ? ಹಂಗಾರೆ ನೀವೇ ನೋಡಿ, ಇನ್ನೇನ್ ಮಾಡೋದು” ಎಂದರು. ಅವರ ಆ ಮಾತು ದಿನವಿಡೀ ನನ್ನ ಕಿವಿಯಲ್ಲಿತ್ತು. ಮುಂದಿನ ಭಾನುವಾರ ಟ್ರಂಕಿನಿಂದ ಪತ್ರವನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು ಕಣಕಟ್ಟೆಯ ಬಸ್ಸು ಹತ್ತಿದೆ.

ಕರಿಬಸಪ್ಪನವರು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ, ಕೊಬ್ಬರಿಯಾದುದನ್ನು ಒಂದು ಕಡೆ, ಆಗದ್ದನ್ನು ಒಂದು ಕಡೆ ಹಾಕುತ್ತಿದ್ದರು. ನನ್ನನ್ನು ಕಂಡು ಏಳಲು ಹೋಗಿ, ಸೊಂಟ ಹಿಡಿದುಕೊಂಡು ಕುಳಿತರು.

“ಬನ್ನಿ ಬನ್ನಿ ಸ್ವಾಮಿ! ಏನ್ ಈ ಕಡೀಕ್ ಬಂದ್ಬುಟ್ರಿ? ಯಜಮಾನ್ರು ಚೆಂದಾಗವ್ರಾ?”

ದಾರಿಯಲ್ಲಿ ನಾನು ಒಂದು ಸಮಜಾಯಿಷಿಯನ್ನು ಸಿದ್ಧಪಡಿಸಿಕೊಂಡಿದ್ದೆ. ಅದರ ಮೊದಲ ವಾಕ್ಯವೂ ನೆನಪಿಗೆ ಬರಲಿಲ್ಲ.

“ಕರಿಬಸಪ್ಪ, ಆ ಹಳೇಬೀಡಿನ ಪೆಟ್ಟಿಗೆ. ಬಂದರಿನಲ್ಲಿ ತೂಗಿದ್ದರು. ಆಗಲೇ ಕಾಗದ ಬಂದಿತ್ತು. ನಾನು ಸುಳ್ಳು ಹೇಳಿದೆ.”

ಅವರ ಕೈಯಲ್ಲಿದ್ದ ಕಾಯಿ ಕಿವಿಯ ಬಳಿಯೇ ನಿಂತಿತು. ಏಕೆ ಎಂದು ಕೇಳುವರೆಂದು ಕಾದೆ.

“ಏಟಂತೆ?”

“ಸಾವಿರದ ಎಂಬತ್ತೆರಡು.”

“ನಾ ಎಷ್ಟಂದಿದ್ದೆ?”

“ಸಾವಿರದ ತೊಂಬತ್ತು.”

ಅವರ ಹುಬ್ಬು ಗಂಟಿಕ್ಕಿತು. “ಎಂಟ್ ಕಿಲೋ ಎಲ್ಲೋಯ್ತು?” ಎಂದರು. ನನ್ನನ್ನು ಕೇಳಿದ್ದಲ್ಲ. ಕಾಯಿಯನ್ನು ಕೆಳಗಿಟ್ಟು, ಕಟ್ಟೆಯ ಅಂಚನ್ನು ಎರಡೂ ಕೈಗಳಿಂದ ಒತ್ತಿ ಹಿಡಿದು, ಪಾದಗಳನ್ನು ನೆಲಕ್ಕೆ ಊರಿ ಕುಳಿತರು. ಅವರ ಮುಖದಲ್ಲಿ ಇಷ್ಟೊಂದು ಕಳವಳವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನನ್ನ ಸುಳ್ಳನ್ನು ಕೇಳಿ ಬಾರದ ಕಳವಳ ಆ ಎಂಟು ಕಿಲೋಗೆ ಬಂದಿತ್ತು. ಆಮೇಲೆ ತಲೆಯೆತ್ತಿ ಕೇಳಿದರು.

“ಬಂದ್ರು ಮುಟ್ಟಾಕೆ ಎಷ್ಟ್ ದಿನ ಹಿಡೀತು ಸ್ವಾಮಿ?”

“ಹನ್ನೊಂದು.”

“ಬ್ಯಾಸ್ಗೆ ಅಲ್ವಾ ಅದು? ಮುಚ್ಚಿದ್ ಗಾಡಿ. ಕಬ್ಣ ಕಾದಿರ್ತದೆ. ಹಲ್ಗೆ ಸಂದಿ ಒಂದ್ ಕಿರುಬೆರಳು ಬುಟ್ಟಿದ್ವು, ನಾನೇ ಕಂಡಿದ್ದೆ.” ಬೆರಳು ಮಡಿಸಿ ಏನನ್ನೋ ಎಣಿಸಿದರು. ಹುಬ್ಬಿನ ಗಂಟು ನಿಧಾನವಾಗಿ ಬಿಚ್ಚಿಕೊಂಡಿತು. “ನೀರ್ ಆರೈತೆ ಸ್ವಾಮಿ! ದಿನಕ್ ಮುಕ್ಕಾಲ್ ಕಿಲೋ. ಸರಿಹೋಯ್ತಲ್ಲ. ಇಲ್ಲಿಂದ ಹೊಂಟಾಗ ತೊಂಬತ್ತೇ ಇತ್ತು.”

ಅವರು ಜೋರಾಗಿ ನಕ್ಕು, ಒಳಗೆ ತಿರುಗಿ, ಸೊಸೆಯನ್ನು ಕೂಗಿ ನನಗೆ ಮಜ್ಜಿಗೆ ತರಹೇಳಿದರು. ಮತ್ತೆ ಕಾಯಿ ಕೈಗೆತ್ತಿಕೊಂಡು ಅಲ್ಲಾಡಿಸತೊಡಗಿದರು. ಸುಳ್ಳಿನ ವಿಷಯವನ್ನು ಅವರು ಅಂದೂ ಕೇಳಲಿಲ್ಲ, ಅನಂತರವೂ ಕೇಳಲಿಲ್ಲ. ಮಜ್ಜಿಗೆ ಕುಡಿದು, ಪತ್ರವನ್ನು ಅವರ ಕೈಯಲ್ಲಿಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಅದು ಅವರಿಗೆ ಸೇರಿದ ದಾಖಲೆಯೆಂದು ತಿಳಿಸಿ, ಹಿಂದಕ್ಕೆ ಪಡೆಯದೆ ಹೊರಟೆ.

ಬಸ್ಸಿನಲ್ಲಿ ಕುಳಿತ ಮೇಲೆ ನಾನು ಮುಕ್ಕಾಲು ಕಿಲೋವನ್ನು ಹನ್ನೊಂದರಿಂದ ಗುಣಿಸಿ ನೋಡಿದೆ. ಎಂಟೂಕಾಲು ಬಂತು. ಕರಿಬಸಪ್ಪನವರ ಲೆಕ್ಕದಲ್ಲಿ ಇನ್ನೂ ಕಾಲು ಕಿಲೋ ತಪ್ಪಿತ್ತು. ಇಷ್ಟನ್ನು ಹೇಳಿದ ಮೇಲೆ ಇದೊಂದನ್ನು ಮುಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ: ಅರಸೀಕೆರೆ ತಲುಪುವವರೆಗೂ ನಾನು ಆ ಕಾಲು ಕಿಲೋವನ್ನು ಬಿಡದೆ ಹಿಡಿದುಕೊಂಡು ಕುಳಿತಿದ್ದೆ.